ಹೊಸ್ತಿಲ ಮೇಲೆ ಪ್ರಸ್ತಾರ

ಈ ಸಂಗತಿ ಹೇಳಬೇಕೆಂದು ಎಷ್ಟೋ ಸಲ ಕೂತು, ಚಹಾ ಕುಡಿದು ಎದ್ದುಹೋಗಿದ್ದೇನೆ. ಇವತ್ತು ಚಹಾ ಮುಗಿದರೂ ಏಳುವುದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಛಂದಸ್ಸಿನ ಪ್ರಶ್ನೆಗೆ ಪೂರ್ತಿ ಅಂಕ! ಯಾವ ಪದ್ಯ ಬಂದರೂ ಬೆರಳು ಮಡಚಿ ಮಾತ್ರೆ ಎಣಿಸಬಲ್ಲೆ. ಪದ್ಯಗಳೇ ನಮ್ಮ ಸಿಂದಗಿ ಮನೆಗೆ ಬರುತ್ತಿರಲಿಲ್ಲ, ಅಷ್ಟೆ.

ಒಂದು ದಿನ ಬಂತು. ಮಗ ಬಸವರಾಜನ ಮದುವೆ ಮುಗಿದು, ಇಂಡಿಯಿಂದ ಬಂದ ಸೊಸೆ ಸವಿತಾ ಹೊಸ್ತಿಲಲ್ಲಿ ನಿಂತಿದ್ದಳು. ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಹೊಸ ಸೊಸೆಯನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗಿ ತಾನೇ ಕಟ್ಟಿದ್ದನ್ನು ಹೇಳಿದಳು:

“ನಿಂಬಿಹಣ್ಣಿಗೆ ಹೆಸರು ನಮ್ಮೂರು ಇಂಡಿ,
ಬಸವರಾಜರು ರೊಟ್ಟಿ, ನಾನು ಖಾರ ಹಿಂಡಿ!”

ಎಲ್ಲರೂ ಹೋ ಎಂದು ನಕ್ಕರು. ನಾನೊಬ್ಬನೇ ಬೆರಳು ಮಡಚುತ್ತಿದ್ದೆ.

“ತಡೀರಿ! ಎರಡನೇ ಸಾಲಿನ್ಯಾಗ ಒಂದು ಮಾತ್ರೆ ಹೆಚ್ಚಾಗೈತಿ.”

“ಏನ್ರೀ, ಕೂಸು ಬಾಗಲದಾಗ ನಿಂತೈತಿ, ಸರೀರಿ ಈಚಿಗೆ!” ಆರತಿ ಹಿಡಿದ ಹೆಂಡತಿ ಗದರಿದಳು.

ಸರಿಯಲಿಲ್ಲ. ಮದುವೆಗೆಂದು ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ಲಘು, ಗುರು ಗೀಚಿ ಪ್ರಸ್ತಾರ ಹಾಕಿದೆ. ಆಮೇಲೆ ರಸವಿಚಾರ!

“ಗಂಡ ರೊಟ್ಟಿ ಅಂದ್ರ ಶೃಂಗಾರ. ಖಾರ ಅಂದ್ರ ರೌದ್ರ ಆತಲ್ಲವ್ವಾ?”

“ಮಾವಾರ, ಅದು ಬರೇ ಮೆಣಸಿನಕಾಯಿ ಹಿಂಡಿರಿ,” ಎಂದಳು ಸೊಸೆ.

ಆರತಿಯ ದೀಪ ಆರಿತು.

ದೋಷ ಕಂಡವನು ಪರಿಹಾರವನ್ನೂ ಕೊಡಬೇಕಲ್ಲ? ‘ಬಸವ’ ಮೂರು ಮಾತ್ರೆ, ‘ಶಿವ’ ಎರಡು. ಉಬ್ಬಿ ಕೂಗಿದೆ: “ಶಿವರಾಜರು ರೊಟ್ಟಿ, ನಾನು ಖಾರ ಹಿಂಡಿ! ಈಗ ಬರೋಬ್ಬರಿ ಆತು. ಹೇಳವ್ವಾ!”

ವಿಡಿಯೋದವನು ಕ್ಯಾಮೆರಾ ಕೆಳಗಿಳಿಸಿದ. “ಕಾಕಾ, ಶಿವರಾಜ ಅಂದ್ರ ನಾನ್ರಿ. ನಾ ಬರೇ ಶೂಟಿಂಗಿಗೆ ಬಂದೇನ್ರಿ!”

“ಅಪ್ಪಾ, ಲಗ್ನ ನಂದೈತಿ!” ಮಗ ಚೀರಿದ.

ಬೀಗರ ಮುಖ ಕೆಂಪಾಯಿತು. ಛಂದಸ್ಸಿನ ಪ್ರಕಾರ ಮಾತ್ರ ಎಲ್ಲವೂ ಸರಿಯಿತ್ತು.

ಸೊಸೆಯ ಕಣ್ಣು ತುಂಬಿತ್ತು. ಅಕ್ಕಿಯ ಸೇರನ್ನು ಮೆಲ್ಲಗೆ ಒದ್ದು, ತಲೆ ತಗ್ಗಿಸಿ ಒಳಗೆ ಬಂದಳು. ಆಮೇಲೆ ಅವಳು ಒಡಪು ಕಟ್ಟಲೇ ಇಲ್ಲ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ದುಂಬಾಲು ಬಿದ್ದರು.

“ಒಲ್ಲೆರೆವ್ವಾ, ನಮ್ಮ ಮಾವಾರು ಮನ್ಯಾಗ ಅದಾರ,” ಎಂದು ನಕ್ಕಳು.

ಎಲ್ಲರೂ ನನ್ನತ್ತ ತಿರುಗಿದರು. ತಪ್ಪಾತವ್ವಾ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬಾಯಿ ತೆರೆದೆ. ಅಷ್ಟರಲ್ಲಿ ಟವೆಲಿನೊಳಗೆ ನನ್ನ ಬೆರಳುಗಳು ಅವಳ ಆ ಮಾತನ್ನೇ ಎಣಿಸುತ್ತಿದ್ದವು!

ಬಾಯಿ ಮುಚ್ಚಿಕೊಂಡೆ. ಕ್ಷಮೆ ಇನ್ನೂ ಕೇಳಿಲ್ಲ. ಕೇಳಬೇಕಾದದ್ದು ಸವಿತಾಳನ್ನು.