ಔಷಧದ ಚೀಟಿಯ ನೆತ್ತಿಯಲ್ಲಿ ಕುಳಿತ ‘ರೆಸಿಪೆ’ಯವರಿಗೆ

ಲ್ಯಾಟಿನ್ ಭಾಷೆಯ ಕ್ರಿಯಾಪದಗಳಲ್ಲಿ ಮೇಲುಪಂಕ್ತಿಯವರೂ, ನಮ್ಮ ಹೋಬಳಿಯ ಡಿಸ್ಪೆನ್ಸರಿಯ ಪ್ರತಿ ಚೀಟಿಯ ನೆತ್ತಿಯ ಮೇಲೆ ಇಂಗ್ಲಿಷಿನ ‘ಆರ್’ ಅಕ್ಷರದ ರೂಪದಲ್ಲಿ, ಕಾಲಿಗೆ ಅಡ್ಡಗೀಟು ಎಳೆಸಿಕೊಂಡು ವಿರಾಜಮಾನರೂ ಆದ ‘ರೆಸಿಪೆ’ಯವರ ಸನ್ನಿಧಿಗೆ, ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ ಮೇಷ್ಟ್ರು ಮಂಟಯ್ಯ ಕೈಮುಗಿದು ಮಾಡಿಕೊಳ್ಳುವ ಅರಿಕೆ.

ಮಾನ್ಯರೇ, ನನ್ನ ತಾಯಿ ಚಿಕ್ಕಸಿದ್ದಮ್ಮ ಚಳಿಜ್ವರದಿಂದ ಮಲಗಿದ್ದಾರೆ. ಡಾಕ್ಟರು ಅದಕ್ಕೆ ಕಹಿಯಾದ ಕ್ವಿನೈನ್ ಬರೆದುಕೊಟ್ಟರು. ಕಾಂಪೌಂಡರ್ ನಂಜುಂಡಸ್ವಾಮಿಯವರು ಬಣ್ಣದ ನೀರು ತುಂಬಿಕೊಟ್ಟರು. ಅದು ಅಮ್ಮನ ಗಂಟಲಲ್ಲಿ ಪಾನಕದಂತೆ ಇಳಿಯಿತು, ಜ್ವರ ಮಾತ್ರ ಇಳಿಯಲಿಲ್ಲ.

ಚೀಟಿಯಲ್ಲೇ ಏನೋ ಐಬಿರಬೇಕೆಂದು ಅದನ್ನು ಹಿಡಿದು ಹುಣಸೂರಿಗೆ ಹೋಗಿ ಪಾದ್ರಿಯೊಬ್ಬರನ್ನು ಕೇಳಿದೆ. ಇಂಗ್ಲಿಷಿನವರು ದಿನ ಬೆಳಗಾದರೆ ಆಡುವ ‘ಟೇಕ್’ ಎಂಬ ಸಾಧಾರಣ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿದರೆ ತಾವಾಗುತ್ತೀರೆಂದೂ, ‘ತೆಗೆದುಕೋ’ ಎಂಬ ತಮ್ಮ ಅಪ್ಪಣೆ ರೋಗಿಗಲ್ಲ, ಔಷಧ ಕಲಸುವವರಿಗೆಂದೂ ಅವರು ತಿಳಿಸಿದರು. ಇದನ್ನು ಮನೆಯಲ್ಲಿ ಹೇಳಿದಾಗ ಅಮ್ಮ ಕಂಬಳಿಯೊಳಗಿಂದಲೇ, “ತಕ್ಕೊ ಅಂತ ಅವ್ನಿಗೇ ಬರ್ದುಕೊಟ್ರೆ ಅವ್ನು ಬುಟ್ಟಾನೇನ್ಲಾ? ನಂಗ್ ಕೊಡು ಅಂತ ಎಲ್ಲಾರಾ ಬರ್ದವ್ರಾ ನೋಡು” ಎಂದರು.

ಆಗ ನನ್ನ ಕಣ್ಣು ತೆರೆಯಿತು. ನಂಜುಂಡಸ್ವಾಮಿಯವರನ್ನು ಕಳ್ಳರೆಂದು ಬೈದುಕೊಂಡಿದ್ದೆ. ಅವರು ತಮ್ಮ ಆಜ್ಞಾಧಾರಕ ಶಿಷ್ಯರು. ತೆಗೆದುಕೋ ಎಂದಿರಿ, ಮಹಾರಾಜರ ಸರ್ಕಾರದ ಕ್ವಿನೈನ್ ತೆಗೆದುಕೊಂಡರು. ಬಾಗಿಲಿಗೆ ಬಂದವರ ತುಪ್ಪ ತೆಗೆದುಕೊಂಡರು. ಸಂತೆಗೆ ಹೊರಟಿದ್ದ ನಮ್ಮ ಬೀದಿಯ ಸಾಕಮ್ಮನ ಕುಕ್ಕೆಯಲ್ಲಿದ್ದ ಕುಂಬಳಕಾಯಿಯನ್ನೂ ಬಿಡಲಿಲ್ಲ. ವ್ಯಾಕರಣವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಲ್ಯಾಟಿನ್ನಿನ ತವರಿನಲ್ಲೂ ಇರಲಾರರು. ಆದರೂ ಈ ವಿದ್ವಾಂಸರ ಮುಖ ಕಂಡರೆ ನನಗೆ ಹೇಸಿಗೆಯಾಗುತ್ತದೆ, ಇದು ನನ್ನ ಅವಿದ್ಯೆಯ ಫಲವೆಂದು ತಾವು ಮನ್ನಿಸಬೇಕು.

ಆದ್ದರಿಂದ ತಾವು ದಯಮಾಡಿ ಚೀಟಿಯಿಂದ ಕೆಳಗಿಳಿದು, ‘ಕೊಡು’ ಎಂಬ ಅರ್ಥದ ತಮ್ಮ ಬಂಧು ‘ದಾ’ ಅವರನ್ನು ಆ ಜಾಗದಲ್ಲಿ ಕೂರಿಸಬೇಕು. ಕನ್ನಡದಲ್ಲಿ ಬರೆದರೆ ಅವರು ಒಂದೇ ಅಕ್ಷರದವರು, ಅಡ್ಡಗೀಟೂ ಬೇಡ, ಡಾಕ್ಟರ ಮಸಿಯೂ ಉಳಿದೀತು. ಇಳಿಯಲು ತಮಗೆ ಮನಸ್ಸು ಬಾರದಿದ್ದರೆ, ಇಷ್ಟೆಲ್ಲ ತೆಗೆದುಕೊಂಡ ಕಾಂಪೌಂಡರಿಗೆ ಅಮ್ಮನ ಜ್ವರವನ್ನೂ ತೆಗೆದುಕೊಳ್ಳುವಂತೆ ಅಪ್ಪಣೆಯಾಗಲಿ.

ಅಪ್ಪಣೆಯ ದಾರಿ ಕಾಯುತ್ತಿರುವ, ತಮ್ಮ ವಿಶ್ವಾಸಿ,
ಮಂಟಯ್ಯ

ವಿ.ಸೂ.: ಪತ್ರ ಬರೆದಿಟ್ಟ ಮೇಲೆ ನಮ್ಮ ತಾಲ್ಲೂಕಿನದೇ ಕೊಪ್ಪದ ಅಂಗಡಿಯೊಂದರಲ್ಲಿ ಕ್ವಿನೈನ್ ಸಿಕ್ಕಿತು, ಅಮ್ಮನ ನಡುಕ ನಿಂತಿತು. ಸೀಸೆಯ ಮೇಲೆ ನಮ್ಮ ಡಿಸ್ಪೆನ್ಸರಿಯ ಮುದ್ರೆ ಅಳಿಸದೆ ಹಾಗೇ ಇದೆ. ಅದನ್ನು ಅಮಲ್ದಾರರಿಗೆ ಒಪ್ಪಿಸಿ ಬಂದಿದ್ದೇನೆ. ವಿಚಾರಣೆಯಲ್ಲಿ ಶಿಷ್ಯರ ಪರವಾಗಿ ಸಾಕ್ಷಿ ಹೇಳುವ ಮನಸ್ಸಿದ್ದರೆ, ತಾವು ಅಷ್ಟರೊಳಗೆ ಕನ್ನಡ ಕಲಿತು ಬನ್ನಿ.