ಕುವೈತಿನಲ್ಲಿ ಬ್ರಿಟಿಷ್ ಪಕ್ಷ ಕಟ್ಟಿದ ಕಥೆ

ಮೈಸೂರಿನ ಹೆಂಗಸು ಕುವೈತಿನ ಮಕ್ಕಳಿಗೆ ಬ್ರಿಟಿಷ್ ರಾಜಕೀಯ ಕಲಿಸಲು ಹೊರಟರೆ ಏನೂ ಆಗದೇ ಇರುತ್ತದೆಯೇ? ವಾರಕ್ಕೊಂದು ಫಜೀತಿ ತಪ್ಪುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಇನ್ನೂ ರಾಣಿಯಿದ್ದ ಕಾಲ. ಕುವೈತಿನ ಸಾಲ್ಮಿಯಾ ಬಡಾವಣೆಯ ಒಂದು ಬ್ರಿಟಿಷ್ ಸಿಲಬಸ್ ಶಾಲೆಗೆ ಆಗಷ್ಟೇ ಸೇರಿದ್ದೆ. ಇನ್ನೂ ಪ್ರೊಬೇಷನ್. ಲಂಡನ್ನಿನಿಂದ ಬಂದಿದ್ದ ಹೆಡ್‌ಮಿಸ್ ಒಂದು ದಿನ ಬಂದು ನನ್ನ ಪಾಠ ನೋಡುತ್ತಾರೆ. ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ. ನಾನೋ, ಖಾಯಂ ಆಗೇಬಿಟ್ಟಿತು ಅಂತ ಊರಲ್ಲೆಲ್ಲ ಹೇಳಿಕೊಂಡು ಕೂತಿದ್ದೆ!

೧. ಹೆಸರಿಟ್ಟವರು

ಬ್ರಿಟನ್ನಿನ ಮೊದಲ ಎರಡು ಪಕ್ಷಗಳು ಹುಟ್ಟಿದ್ದು ಮುಂದಿನ ರಾಜ ಯಾರಾಗಬೇಕು ಎಂಬ ಜಗಳದಲ್ಲಿ. ಅವುಗಳ ಹೆಸರೂ ತಾವಾಗಿ ಇಟ್ಟುಕೊಂಡದ್ದಲ್ಲ, ಎದುರಿನವರು ಬೈದ ಬೈಗುಳ. ಇದು ತಲೆಗೆ ಹತ್ತಲಿ ಅಂತ ಕ್ಲಾಸನ್ನು ಎರಡು ಪಕ್ಷ ಮಾಡಿ, "ಎದುರು ಪಕ್ಷಕ್ಕೆ ನೀವೇ ಹೆಸರಿಡಿ" ಎಂದೆ. ಒಂದು 'ಒಂಟೆ ಕಳ್ಳರು' ಆಯಿತು, ಇನ್ನೊಂದು 'ಸೋಂಬೇರಿಗಳು'. ಮುನಿಸಿಕೊಳ್ಳುತ್ತವೆ ಅಂದುಕೊಂಡರೆ, ಬ್ಯಾಡ್ಜ್ ಮಾಡಿ ಎದೆಗೆ ಚುಚ್ಚಿಕೊಂಡು ಮೆರೆದವು.

ಸಂಜೆ ಫೋನು. ಒಬ್ಬ ಹುಡುಗನ ತಂದೆ, ಮಂಗಳೂರು ಕಡೆಯ ವ್ಯಾಪಾರಿ.

"ಎಂತ ಟೀಚರೇ ಇದು? ನಾನು ಈ ಬಿಸಿಲಲ್ಲಿ ಸಾಯುವುದು ಮಗ ಕಳ್ಳರ ಖಜಾಂಚಿ ಆಗ್ಲಿಕ್ಕಾ?"

"ಅಯ್ಯೋ ಸರ್, ಪಾಠಕ್ಕೋಸ್ಕರ ಮಾಡಿದ್ದು. ಅವನು ಎಲೆಕ್ಷನ್‌ನಲ್ಲಿ ಗೆದ್ದು ಖಜಾಂಚಿ ಆದ."

ಆ ಕಡೆಯ ದನಿ ತಟ್ಟನೆ ಮೆತ್ತಗಾಯಿತು.

"ಹೌದಾ? ಎಷ್ಟು ಓಟಿನಲ್ಲಿ?"

೨. ಎಸಿ ಇದ್ದ ಕಡೆ

ಸರ್ಕಾರವನ್ನು ಪ್ರಶ್ನೆ ಕೇಳಿ ಕೇಳಿ ಅಂಕೆಯಲ್ಲಿಡುವುದು ವಿರೋಧ ಪಕ್ಷದ ಕೆಲಸ. ಸೋಂಬೇರಿಗಳನ್ನು ಆಡಳಿತದಲ್ಲಿ ಕೂರಿಸಿ, ಕಳ್ಳರನ್ನು ಎದುರಿಗೆ ಕೂರಿಸಿದೆ. ಮೇ ತಿಂಗಳು. ಕಳ್ಳರ ತಲೆಮೇಲಿನ ಎಸಿ ಕೆಟ್ಟಿತು. ನಾನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ, ಕುರ್ಚಿ ಸಮೇತ ಎಲ್ಲರೂ ಸರ್ಕಾರದ ಕಡೆ! ಈಚೆ ಉಳಿದವನು ನಾಯಕ ಒಬ್ಬನೇ, ನೋಟ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದ.

"ಏನ್ರೋ, ತತ್ವ ಬದಲಾಯಿತಾ?" ಎಂದೆ.

"ತತ್ವ ಅದೇ ಮಿಸ್. ಕುರ್ಚಿ ಮಾತ್ರ ಈ ಕಡೆ."

ಮನೆಯಲ್ಲಿ ಹೇಳಿದರೆ ನಮ್ಮವರು ಬಿದ್ದು ಬಿದ್ದು ನಕ್ಕರು. "ನಮ್ಮ ಕಡೆ ಎಂಎಲ್‌ಎಗಳಿಗೆ ರೆಸಾರ್ಟೇ ಬೇಕು. ಪಾಪ, ಇವು ಬರೀ ಎಸಿಗೆ ಒಪ್ಪಿಕೊಂಡಿವೆ, ಬಿಡೇ."

೩. ಪರೀಕ್ಷೆಯ ದಿನ

ಹೆಡ್‌ಮಿಸ್ ಬಂದೇಬಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು. ನನಗೆ ಧೈರ್ಯವಿತ್ತು. ಎರಡೂ ಪಕ್ಷದ ನಾಯಕರು ಕುವೈತಿ ಹುಡುಗರು, ಅಣ್ಣತಮ್ಮಂದಿರ ಮಕ್ಕಳು. 'ಹೋಂವರ್ಕ್ ರದ್ದಾಗಬೇಕು' ಎಂಬ ಮಸೂದೆಯ ಮೇಲೆ ವಾರವಿಡೀ ಹಾವು ಮುಂಗುಸಿಯ ಹಾಗೆ ಕಾದಾಡಿದ್ದರು.

ಆಡಳಿತದ ನಾಯಕ ಎದ್ದ. "ಮಸೂದೆ ವಾಪಸ್ ತಗೊಂಡಿದ್ದೇವೆ."

ವಿರೋಧದ ನಾಯಕ ಎದ್ದ. "ನಮ್ಮ ವಿರೋಧವೂ ಇಲ್ಲ."

ಇಬ್ಬರೂ ಕೂತರು. ಚರ್ಚೆ ಮುಗಿಯಿತು!

ನಾನು ಅವರತ್ತ ಬಾಗಿ ಪಿಸುಗುಟ್ಟಿದೆ. "ನಿನ್ನೆ ಮಧ್ಯಾಹ್ನದವರೆಗೂ ಕಚ್ಚಾಡುತ್ತಿದ್ದಿರಲ್ಲೋ!"

"ಸಂಜೆ ಅಜ್ಜನ ಮನೆಗೆ ಹೋಗಿದ್ದೆವು ಮಿಸ್," ಎಂದ ಆಡಳಿತದ ನಾಯಕ. " ಅಲ್ಲೂ ಕಿತ್ತಾಡಿದೆವು. ಅಜ್ಜ ಇಬ್ಬರ ಮಾತೂ ಕೇಳಿ, ಚಹಾ ಕೊಟ್ಟು, ಹೋಂವರ್ಕ್ ಮಾಡಿ ಅಂದರು. ಖಲಾಸ್."

ಕೆಲಸ ಹೋಯಿತು, ಊರಿನವರಿಗೆ ಏನು ಹೇಳಲಿ ಎಂದು ನಾನು ಬೆವರುತ್ತಿರುವಾಗ ಹೆಡ್‌ಮಿಸ್ ಪೆನ್ನು ಕೆಳಗಿಟ್ಟು ಹುಡುಗನನ್ನು ಕೇಳಿದರು: "ನಿಮ್ಮ ಅಜ್ಜ ಯಾವ ಪಕ್ಷ?"

ಹುಡುಗ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದ. "ಅಜ್ಜನಿಗೆ ಪಕ್ಷ ಯಾಕೆ ಮಿಸ್? ಮನೆಯೇ ಅವರದ್ದು."

ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಮ್ಮ ರಾಣಿಗೂ ಪಕ್ಷವಿಲ್ಲ ಕಣಪ್ಪಾ! ಆದರೆ ಪಾಪ, ನಿಮ್ಮಜ್ಜನಷ್ಟು ಅಧಿಕಾರವೂ ಇಲ್ಲ."

ಹೊರಡುವಾಗ ನನ್ನ ಕೈ ಕುಲುಕಿ ಕೆಲಸ ಖಾಯಂ ಎಂದರು. ನನಗೆ ಅಳುವೇ ಬಂತು. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಬಂದು ಮೆಲ್ಲಗೆ ಕೇಳಿದರು: "ನಾಳೆ ಸ್ಟಾಫ್ ಮೀಟಿಂಗಿದೆ. ಆ ಅಜ್ಜ ಬಿಡುವಾಗಿರುತ್ತಾರಾ?"