ಮನೆಗೊಂದು ಸದ್ದು, ಸೊಣ್ಣಪ್ಪನಿಗೊಂದು ಮಾತು

ಸೊಣ್ಣಪ್ಪನ ಕಷ್ಟಕ್ಕೆಲ್ಲ ಅವನ ಗಂಟಲೇ ಮೂಲ. ತಾಯಲೂರು ಕಡೆಯ ಬಂಡಗುಟ್ಟಹಳ್ಳಿಯಲ್ಲಿ ಅವನು ಹೊಲದ ಬದುವಿನ ಮೇಲೆ ನಿಂತು ಎತ್ತನ್ನು ಗದರಿಸಿದರೆ, ಮುಳಬಾಗಿಲಿಗೆ ಹೋಗುವ ಬಸ್ಸು ಹಿಂದೆ ಯಾವುದೋ ಲಾರಿ ಹಾರನ್ ಹೊಡೆಯುತ್ತಿದೆಯೆಂದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಒಮ್ಮೆ ಅವನು ಸೀನಿದ್ದಕ್ಕೆ ಪಕ್ಕದೂರಿನಲ್ಲಿ ಹೆಂಚು ಜಾರಿತಂತೆ. ಜಾರಿದ ಹೆಂಚು ಈಗಲೂ ಅಲ್ಲೇ ಇದೆ, ಅನುಮಾನ ಇದ್ದವರು ಹೋಗಿ ನೋಡಬಹುದು.

ಇಂಥ ಗಂಟಲಿನವನಿಗೆ ನಾಟಕದ ಹುಚ್ಚು. ಊರಿನ ಕಲಾ ಸಂಘದವರು ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದರು. ಒಂದು ವರ್ಷ ಸೊಣ್ಣಪ್ಪನಿಗೆ ಮರದ ಪಾತ್ರ. ಎರಡು ಕೈಯಲ್ಲೂ ಬೇವಿನ ಕೊಂಬೆ ಹಿಡಿದು ನಿಂತಿದ್ದ. ಇನ್ನೊಂದು ವರ್ಷ ಯುದ್ಧಭೂಮಿಯಲ್ಲಿ ಹೆಣ. ಎಷ್ಟು ಚೆನ್ನಾಗಿ ಸತ್ತಿದ್ದನೆಂದರೆ ಮುಂದೆ ಕೂತಿದ್ದ ಹೆಂಗಸರು ಅವನ ಹೆಂಡತಿ ಆದಿಲಕ್ಷ್ಮಿಯನ್ನು ತಬ್ಬಿಕೊಂಡು ಸಮಾಧಾನ ಹೇಳಿದರು. ಆಮೇಲೆ ಪ್ರತಿ ವರ್ಷವೂ ಈಟಿ ಹಿಡಿದ ದ್ವಾರಪಾಲಕ. ಒಂದು ಪಾತ್ರಕ್ಕೂ ಮಾತಿಲ್ಲ. "ಮಹಾಪ್ರಭು" ಎಂದು ಬಾಯಿ ಬಿಡುವ ಭಾಗ್ಯವೂ ಇಲ್ಲ.

ಆ ವರ್ಷ ಕೆರೆಬೀದಿಯವರು ಸಂಘದ ಅಧ್ಯಕ್ಷ ಮುನಿರಾಮಪ್ಪನವರ ಜಗಲಿಯ ಮುಂದೆ ಬಂದು ನಿಂತರು.

"ಯಾವಾಗ್ಲೂ ಮೇಲ್ಬೀದಿಯೋರೇ ರಾಜ, ಅವರೇ ಮಂತ್ರಿ. ನಾವು ಚಪ್ಪರ ಹಾಕಾಕೆ, ಹಿಂದ್ಗಡೆ ಕೂತು ಚಪ್ಪಾಳೆ ಹೊಡ್ಯಾಕೆ. ಇದು ಊರ ಸಂಘಾನಾ, ಬೀದಿ ಸಂಘಾನಾ?"

ಮುನಿರಾಮಪ್ಪನವರು ನ್ಯಾಯವಂತರು. ಅನ್ನ ನೀರು ಬಿಟ್ಟು ಯೋಚಿಸಿ, ಕೊನೆಗೆ ಕೆ.ಜಿ.ಎಫ್‌ನಲ್ಲಿದ್ದ ಅಳಿಯನ ಟೇಪ್ ರೆಕಾರ್ಡರ್ ತರಿಸಿದರು. "ಹಾಡಾಕ್ ಬರದೇ ಇರೋರು ಇರಬಹುದು, ಸದ್ದಿಲ್ಲದೇ ಇರೋ ಮನೆ ಇಲ್ಲ. ನಾಟಕಕ್ಕೆ ಮುಂಚೆ ಒಂದು ಸಾಯಂಕಾಲ ಮನೆಗೊಂದು ಸದ್ದು ಹಿಡಿದು ಮೈಕಲ್ಲಿ ಹಾಕಾಣ. ಊರು ತನ್ನನ್ನ ತಾನು ಕೇಳಿಸ್ಕೊಳ್ಳಿ" ಎಂದರು.

ಮನೆಮನೆ ಸುತ್ತುವವರು ಯಾರು? ಎಲ್ಲರೂ ತಮ್ಮ ಕಾಲಬೆರಳು ನೋಡಿಕೊಂಡರು. ಸೊಣ್ಣಪ್ಪ ಎದ್ದ.

"ನಾನ್ ಹಿಡ್ಕೊಂಬರ್ತೀನಿ. ಆದ್ರೆ ಈ ಸಲ ನಂಗೆ ಮಾತಿರೋ ಪಾರ್ಟು ಬೇಕು."

ವರ್ಷಗಳಿಂದ ಮಂತ್ರಿ ಪಾತ್ರ ಬಿಟ್ಟುಕೊಡದ ಪಕ್ಕದಮನೆ ಚನ್ನರಾಯಪ್ಪನಿಗೆ ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಹೋಯಿತು. ಕೆಮ್ಮುತ್ತಲೇ ಅಂದ: "ಇವನ ಪಕ್ಕ ನಾನ್ ನಿಂತ್ಕೊಬೇಕಾ? ನನ್ ಕಿವಿಗತಿ ಏನ್ರೀ ಅಧ್ಯಕ್ಷ್ರೇ?"

ಮುನಿರಾಮಪ್ಪನವರು ಕೈ ಎತ್ತಿದರು. "ಮಾತಿನ ಪಾರ್ಟು ಕೊಡ್ತೀನಿ. ಆದ್ರೆ ಊರಲ್ಲಿ ಒಂದು ಮನೇನೂ ಬಿಟ್ಟಿರಬಾರ್ದು. ಬಿಟ್ಯೋ, ಮತ್ತೆ ಈಟೀನೇ."

ಸೊಣ್ಣಪ್ಪ ಕೆರೆಯ ಕಟ್ಟೆಯಷ್ಟು ದಪ್ಪ ಬೆಳೆಸಿದ್ದ ಮೀಸೆಯನ್ನು ತಿರುವಿದ. ಇಂಥ ಮೀಸೆಯ ಕೆಳಗಿಂದ ಮಾತು ಹೊರಟರೆ ಹೇಗಿರುತ್ತದೆಂದು ಊರು ನೋಡಬೇಕು!

ಗೊತ್ತುಮಾಡಿದ ದಿನ ಬೆಳಿಗ್ಗೆ ಅವನು ಯಂತ್ರವನ್ನು ಹಸುಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಹೊರಟ. ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಆದಿಲಕ್ಷ್ಮಿ ಕೋಲನ್ನು ಪಾತ್ರೆಯ ಅಂಚಿಗೆ ಟಕಟಕ ಕುಟ್ಟಿ, "ಏನಂದ್ರೆ, ನಮ್ಮನೇದು ಮೊದ್ಲು ಹಿಡ್ಕೊಂಡು ಹೋಗಿ. ನೋಡಿ, ಕೋಲು ಹೆಂಗ್ ಮಾತಾಡ್ತೈತೆ" ಎಂದಳು.

"ನಮ್ಮನೇದು ಎಲ್ಲಿಗ್ ಹೋಯ್ತದೆ? ಕೊನೇಲಿ ಹಿಡಿದ್ರಾಯ್ತು."

"ಸುಗಟೂರಿಂದ ನಮ್ಮಮ್ಮನ್ನೂ ನಾಟಕಕ್ಕೆ ಕರೆಸ್ತಿದ್ದೀನಿ. ಅಳಿಯ ಬಾಯ್ ಬಿಡೋದನ್ನ ನೋಡ್ಲಿ."

"ಬರ್ಲಿ, ಬರ್ಲಿ" ಎನ್ನುತ್ತ ಅವನು ಆಗಲೇ ಬೀದಿಯಲ್ಲಿದ್ದ. ಹಿಂದೆಯೇ ಚನ್ನರಾಯಪ್ಪ. "ಸಹಾಯಕ್ ಬಂದೆ ಕಣೋ" ಎಂದ. ಬೆಕ್ಕು ಹಾಲು ಕಾಯುವುದಕ್ಕೆ ಬಂದ ಹಾಗೆ.

ಮೊದಲು ಗಂಗರತ್ನಮ್ಮನ ಮನೆ. ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಕಳೆದು ಎದ್ದಿದ್ದವು. ಹಗಲುರಾತ್ರಿ ಸೊಪ್ಪು ಮೇಯುವ ಹೊತ್ತು. ಹುಳದ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯೇ ಇಲ್ಲ. ಆಕೆ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಬೀಡಿ ವಾಸ್ನೆ ಹೊತ್ಕೊಂಡು ಒಳೀಕ್ ಬಂದ್ರೆ ನನ್ ಹುಳ ಮೇವು ಬಿಡ್ತವೆ. ಮೈ ತೊಳ್ಕೊಂಡ್ ಬಾ."

ಸೊಣ್ಣಪ್ಪ ಸ್ನಾನ ಮಾಡಿದ. ಆಕೆ ಮೂಸಿ ನೋಡಿ, ಸಾಲದೆಂದಳು. ಮತ್ತೆ ಮಾಡಿದ. ಬೂದಿ ಹಚ್ಚಿ ಉಜ್ಜಿಸಿದಳು. ಚರ್ಮದ ಮೇಲ್ಪದರವೊಂದು ಬಚ್ಚಲ ನೀರಿನಲ್ಲಿ ಹರಿದುಹೋದ ಮೇಲೆ, ಗಂಡನ ಒಗೆದ ಪಂಚೆ ಉಡಿಸಿ ಒಳಗೆ ಬಿಟ್ಟಳು. ತಟ್ಟೆಗಳ ತುಂಬ ಹುಳು, ಅವುಗಳ ಮೇಲೆ ಹಿಪ್ಪುನೇರಳೆ ಸೊಪ್ಪು. ಅವನು ಗುಂಡಿ ಒತ್ತಿದ. ಗಂಗರತ್ನಮ್ಮ ತಕ್ಷಣ, "ಇವು ನನ್ನ ಮಕ್ಳಿದ್ದಂಗೆ, ಇವಕ್ಕೆ..." ಎಂದು ಶುರುಮಾಡಿದಳು.

"ಶ್! ಸುಮ್ನಿರವ್ವ!" ಎಂದ ಸೊಣ್ಣಪ್ಪ. ಎಷ್ಟು ಮೆತ್ತಗೆ ಅಂದರೂ ಜಂತಿ ನಡುಗಿತು.

ಆಮೇಲೆ ಕೇಳಿಸಿತು: ಸಾವಿರಾರು ಪುಟ್ಟ ಬಾಯಿಗಳು ಎಲೆ ತಿನ್ನುವ ಸದ್ದು, ಹೆಂಚಿನ ಮೇಲೆ ಸೋನೆ ಹಿಡಿದ ಹಾಗೆ.

ಇನ್ನಷ್ಟು ಮನೆ ಸುತ್ತಿ ಮಧ್ಯಾಹ್ನಕ್ಕೆ ವಾರಗಿತ್ತಿಯರಾದ ದೊಡ್ಡಗಂಗಮ್ಮ, ಚಿಕ್ಕಗಂಗಮ್ಮರ ಜೋಡಿಮನೆಗೆ ಬಂದ. ಮನೆ ಪಾಲಾದಾಗ ಅವರಿಬ್ಬರೂ ಒಂದು ಸಾಮಾನನ್ನೂ ಪಾಲು ಮಾಡದೆ ಬಿಟ್ಟಿರಲಿಲ್ಲ. ರಾಗಿ ಬೀಸುವ ಕಲ್ಲಿನಲ್ಲಿ ಮೇಲಿನ ಹೋಳು ದೊಡ್ಡವಳಿಗೆ, ಕೆಳಗಿನ ಹೋಳು ಚಿಕ್ಕವಳಿಗೆ. ಅಂದಿನಿಂದ ಇಬ್ಬರೂ ರಾಗಿ ಹೊತ್ತುಕೊಂಡು ತಾಯಲೂರಿನ ಹಿಟ್ಟಿನ ಮಿಷನ್ನಿಗೆ ಹೋಗುತ್ತಿದ್ದರು, ಬೇರೆಬೇರೆ ದಾರಿಯಲ್ಲಿ. ಮಾತು ನಿಂತು ಯುಗವಾಗಿತ್ತು.

"ನಮ್ಮನೆ ಸದ್ದು ಅಂದ್ರೆ ಬೀಸೋ ಕಲ್ಲೇ" ಎಂದಳು ದೊಡ್ಡಗಂಗಮ್ಮ.

"ಹೇಳಪ್ಪ ಸೊಣ್ಣಪ್ಪ ಆಯಮ್ಮಂಗೆ, ಕೆಳಗಿನ ಕಲ್ಲಿಲ್ದೆ ಏನ್ ತಲೆ ಮೇಲೆ ಬೀಸ್ತಾಳಾ?" ಎಂದಳು ಗೋಡೆಯಾಚೆಯಿಂದ ಚಿಕ್ಕಗಂಗಮ್ಮ.

ಚನ್ನರಾಯಪ್ಪ ಕಿವಿಯಲ್ಲಿ ಉಸುರಿದ: "ಬಿಟ್ಬಿಡೋ, ಇದು ಆಗೋಹೋಗೋ ಕೆಲ್ಸ ಅಲ್ಲ." ಸೊಣ್ಣಪ್ಪನ ಕಣ್ಣಿಗೆ ಈಟಿ ಕಂಡಿತು. ಮೇಲಿನ ಕಲ್ಲನ್ನು ತಾನೇ ಹೊತ್ತು ತಂದು ಕೆಳಗಿನದರ ಮೇಲೆ ಕೂರಿಸಿದ. "ಒಂದ್ ಹಿಡಿ ರಾಗಿ ಹಾಕಿ ಸಾಕು. ಸದ್ದಿಗೋಸ್ಕರ."

ಗೂಟ ಇದ್ದದ್ದು ಒಂದೇ. ಇಬ್ಬರ ಕೈಯೂ ಅದರ ಮೇಲೆ ಕೂತಿತು. ಕಲ್ಲು ಗರ್ರೆಂದಿತು.

"ಹೇಳಪ್ಪ, ಜೋರಾಗ್ ತಿರುಗ್ಸು ಅಂತ!"

"ಹೇಳಪ್ಪ, ರಾಗಿ ತಡವಾಗ್ ಹಾಕ್ತಿದ್ದಾಳೆ ಅಂತ!"

"ಶ್! ಸುಮ್ನಿರ್ರವ್ವ!"

ಹಿಡಿ ರಾಗಿ ಮುಗಿಯಿತು. ಯಾರೂ ಹೇಳದೆ ದೊಡ್ಡಗಂಗಮ್ಮ ಇನ್ನೊಂದು ಹಿಡಿ ಹಾಕಿದಳು. ಸೊಣ್ಣಪ್ಪ ಯಂತ್ರ ಆರಿಸಿ ಎದ್ದುಹೋದರೂ ಕಲ್ಲು ತಿರುಗುತ್ತಲೇ ಇತ್ತು. "ನಿಧಾನ ಕಣೇ" ಎಂದದ್ದು ಯಾರೋ ಗೊತ್ತಾಗಲಿಲ್ಲ. ಆದರೆ ಅದನ್ನು ಸೊಣ್ಣಪ್ಪನಿಗೆ ಹೇಳಿದ್ದಲ್ಲ.

ಹೊತ್ತು ಇಳಿಯುವಾಗ ಉಳಿದದ್ದು ಕೆರೆಬೀದಿಯ ಕೊನೆಯ ಗುಡಿಸಲು, ಊರ ಎಮ್ಮೆ ಕಾಯುವ ಬೈರಮ್ಮನದು. ಬೈರಮ್ಮನಿಗೆ ಕಿವಿ ಚುರುಕು, ಹುಟ್ಟಿನಿಂದ ಮಾತಿಲ್ಲ.

"ಅವಳದೇನ್ ಸದ್ದೋ? ಮೂಗಿ!" ಎಂದ ಚನ್ನರಾಯಪ್ಪ. "ಅಧ್ಯಕ್ಷ್ರು ಲೆಕ್ಕಕ್ಕೇ ಇಟ್ಕೊಳ್ಳಲ್ಲ. ನಡಿ ಮನೆಗೆ."

ಸೊಣ್ಣಪ್ಪನಿಗೆ ತಾನು ಹೆಣವಾಗಿ ಮಲಗಿದ್ದ ವರ್ಷ ನೆನಪಾಯಿತು. ಬಾಯಿಮುಚ್ಚಿಕೊಂಡು ಇರುವುದೆಂದರೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? "ಮನೆ ಅಂದ್ರೆ ಮನೇನೇ ಕಣೋ" ಎಂದು ಕೆರೆಯ ಕಡೆ ಇಳಿದ.

ಬೈರಮ್ಮ ಯಂತ್ರವನ್ನು ನೋಡಿದಳು, ಸೊಣ್ಣಪ್ಪನನ್ನು ನೋಡಿದಳು, ನಕ್ಕಳು. "ಶ್!" ಎಂದ ಸೊಣ್ಣಪ್ಪ, ಅಭ್ಯಾಸಬಲದಿಂದ. ಅವಳು ಕೈಯೆತ್ತಿ ಚಪ್ಪಾಳೆ ತಟ್ಟಿದಳು. ಊರಾಚೆಯ ಬಂಡೆಗುಡ್ಡಕ್ಕೆ ಹೊಡೆದು ವಾಪಸು ಬಂದ ಚಪ್ಪಾಳೆ ಅದು. ಕೆರೆಯಲ್ಲಿ ಮೂಗು ಮಾತ್ರ ಕಾಣುವಂತೆ ಮುಳುಗಿದ್ದ ಎಮ್ಮೆಗಳೆಲ್ಲ ಒಮ್ಮೆಗೇ ಎದ್ದು ಅವಳ ಕಡೆ ಓಡಿದವು. ನಡುವೆ ನಿಂತಿದ್ದವನು ಸೊಣ್ಣಪ್ಪ. ಎಮ್ಮೆಗಳು ದಾಟಿದ ಮೇಲೆ ಕೆಸರಿನಿಂದ ಎರಡು ಕೈ ಮೇಲೆದ್ದಿದ್ದವು. ಕೈಗಳಲ್ಲಿ ಟೇಪ್ ರೆಕಾರ್ಡರ್. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ.

ಅದೇ ಕೆಸರು ಮೈಯಲ್ಲಿ ಓಡಿಬಂದು ಅವನು ಯಂತ್ರವನ್ನು ಮೈಕಿನವನ ಕೈಗೆ ಕೊಟ್ಟ. ಹುಣಸೆಮರದಡಿ ಊರೆಲ್ಲ ಕೂತಿತ್ತು. ಈ ಸಲ ಕೆರೆಬೀದಿಯವರು ಮುಂದೆ.

ಮೊದಲು ಹುಳದ ಸದ್ದು. ಸ್ಪೀಕರಿನಿಂದ ಸೋನೆ ಸುರಿದದ್ದೇ ತಡ, ಗಂಡಸರು ಟವೆಲ್ ತಲೆಗೆ ಹಾಕಿಕೊಂಡರು, ಹೆಂಗಸರು ಒಣಗಹಾಕಿದ ಮೆಣಸಿನಕಾಯಿ ಎತ್ತಲು ಮನೆಗೆ ಓಡಿ, ಒಣಗಿದ ಅಂಗಳ ನೋಡಿ ನಾಚಿಕೊಂಡು ಬಂದರು. ಬೀಸೋಕಲ್ಲಿನ ಸದ್ದಿಗೆ ಎಲ್ಲರೂ ತಿರುಗಿ ನೋಡಿದರೆ ವಾರಗಿತ್ತಿಯರು ಒಂದೇ ಚಾಪೆಯ ಮೇಲೆ ಕೂತು, ಯಾರ ಭಾಗದ ಕಲ್ಲು ಹೆಚ್ಚು ಸದ್ದು ಮಾಡುತ್ತಿದೆಯೆಂದು ನೇರವಾಗಿಯೇ ಜಗಳ ಆಡುತ್ತಿದ್ದರು.

ಕೊನೆಗೆ ಬೈರಮ್ಮನ ಚಪ್ಪಾಳೆ. ಮೈಕಿನಲ್ಲಿ ಅದು ಸಿಡಿಲಿನ ಹಾಗೆ ಸಿಡಿಯಿತು. ಮರುಗಳಿಗೆ ಕೊಟ್ಟಿಗೆಗಳಲ್ಲಿ ಗೂಟ ಕೀಳುವ ಸದ್ದು. ಬಂಡಗುಟ್ಟಹಳ್ಳಿಯ ಎಮ್ಮೆಗಳಲ್ಲದೆ ಸುತ್ತ ಏಳೂರಿನ ಎಮ್ಮೆಗಳೂ ಹಗ್ಗ ಎಳೆದುಕೊಂಡು ಹುಣಸೆಮರಕ್ಕೆ ನುಗ್ಗಿದವು. ಮುನಿರಾಮಪ್ಪನವರು ಮೇಜಿನ ಮೇಲೆ, ಚನ್ನರಾಯಪ್ಪ ಮರದ ಮೇಲೆ.

ಬೈರಮ್ಮ ಎದ್ದಳು. ಕೈ ಅಡ್ಡ ಬೀಸಿದಳು. ಎಮ್ಮೆಗಳು ಸಾಲಾಗಿ ನಿಂತುಬಿಟ್ಟವು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ. ಊರು ಚಪ್ಪಾಳೆ ಹೊಡೆಯಿತು. ಈ ಸಲ ಚಪ್ಪಾಳೆ ಹೊಡೆಸಿಕೊಂಡವರು ಕೆರೆಬೀದಿಯವರು.

ಮುನಿರಾಮಪ್ಪನವರು ಮೇಜಿನ ಮೇಲಿಂದಲೇ ಕೇಳಿದರು: "ಎಲ್ಲಾ ಮನೇನೂ ಬಂತೇನ್ರಪ್ಪಾ?"

"ನಮ್ಮನೇದು ಬರ್ಲಿಲ್ಲ!"

ಯಾರೆಂದು ನೋಡಿದರೆ ಆದಿಲಕ್ಷ್ಮಿ. ಕೈಯಲ್ಲಿ ಮುದ್ದೆಕೋಲು. "ಬೆಳಿಗ್ಗೆಯಿಂದ ತಿರುವಿ ತಿರುವಿ ಮುದ್ದೆ ಕಲ್ಲಾಯ್ತು. ಈಯಪ್ಪ ಬರ್ಲೇ ಇಲ್ಲ!"

ಸೊಣ್ಣಪ್ಪ ಕುಸಿದು ಕೂತ. ಮರದ ಮೇಲಿಂದ ಚನ್ನರಾಯಪ್ಪ ಕೂಗಿದ: "ಸ್ವಂತ ಮನೇನೇ ಬಿಟ್ಟವ್ನೆ! ಕರಾರು ಕರಾರೇ! ಈಟಿ ಕೊಡ್ರೀ ಅವನ ಕೈಗೆ!"

ಆಗ ಬೈರಮ್ಮ ಮುಂದೆ ಬಂದು ಸ್ಪೀಕರಿನ ಕಡೆ ಕೈ ತೋರಿಸಿದಳು. ಸೊಣ್ಣಪ್ಪನ ಕಡೆ ತೋರಿಸಿದಳು. ಆಮೇಲೆ ಕೆನ್ನೆ ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಇಲ್ಲದ ಮೀಸೆ ತಿರುವಿ, ತುಟಿಯ ಮೇಲೆ ಬೆರಳಿಟ್ಟಳು.

"ಹೌದಲ್ವಾ!" ಎಂದಳು ಗಂಗರತ್ನಮ್ಮ. "ಪ್ರತಿ ಮನೆ ಸದ್ದಿಗ್ ಮುಂಚೆ ಆಯಪ್ಪಂದೇ ಐತಲ್ಲ, ಶ್, ಸುಮ್ನಿರವ್ವ ಅಂತ! ನಂದು ಒಂದ್ಸಲ ಬಂತು, ಅವಂದು ಊರಿಗೆಲ್ಲ ಬಂತು!"

ಊರು ನಕ್ಕು ನಕ್ಕು ಹೊರಳಿತು. ಎಮ್ಮೆಗಳೂ ನಕ್ಕವು, ನೋಡಿದವರಿದ್ದಾರೆ. ಮುನಿರಾಮಪ್ಪನವರು ಕಣ್ಣೊರೆಸಿಕೊಂಡು, "ಒಪ್ಕೊಂಡೆ, ಅದೇ ಅವನ ಮನೆ ಸದ್ದು. ಸೊಣ್ಣಪ್ಪಂಗೆ ಈ ಸಲ ಮಾತಿನ ಪಾರ್ಟು. ಒಂದಲ್ಲ, ಹತ್ತು ಮಾತು!" ಎಂದರು.

ಸೊಣ್ಣಪ್ಪ ಕೆಸರು ಮೀಸೆಯನ್ನು ತಿರುವುತ್ತ ಎದ್ದ. "ರಾಜಂದಾ ಅಧ್ಯಕ್ಷ್ರೇ? ಮಂತ್ರೀದಾ?"

"ಅವೆಲ್ಲ ಏನೋ, ಅದಕ್ಕಿಂತ ದೊಡ್ಡದು. ಅಶರೀರವಾಣಿ! ಆಕಾಶದಿಂದ ರಾಜಂಗೇ ಬುದ್ಧಿ ಹೇಳೋ ಪಾರ್ಟು. ಮೈಕಲ್ಲಿ ನಿನ್ ಗಂಟಲು ಏನ್ ಕೇಳಿಸ್ತೈತೆ ಅಂತ ಈಗ್ ತಾನೇ ಗೊತ್ತಾಯ್ತು. ಪರದೆ ಹಿಂದೆ ಕೂತ್ಕೊಂಡು ಹೇಳ್ಬಿಡು."

"ಪರದೆ ಹಿಂದೇನಾ? ಸುಗಟೂರಿಂದ ನಮ್ಮತ್ತೆ ಬರ್ತಾವ್ರೆ, ನೋಡಾಕೆ! ಈ ಮೀಸೆ?"

"ಅಶರೀರವಾಣಿಗೆ ಶರೀರಾನೇ ಇಲ್ಲ, ಮೀಸೆ ಎಲ್ಲಿಂದ ಬಂತೋ?" ಎಂದು ಮುನಿರಾಮಪ್ಪನವರು ಸ್ವಲ್ಪ ಯೋಚಿಸಿ ಕೆರೆಬೀದಿಯ ಕಡೆ ತಿರುಗಿದರು. "ಈಗ ದ್ವಾರಪಾಲಕನ ಜಾಗ ಖಾಲಿ. ಮಾತಿಲ್ಲ, ರಂಗದ ಮಧ್ಯ ಈಟಿ ಹಿಡಿದು ಗತ್ತಾಗಿ ನಿಂತ್ಕೊಬೇಕು, ಅಷ್ಟೆ. ಏನವ್ವ ಬೈರಮ್ಮ, ನಿಂತ್ಕೊತೀಯಾ?"

ಬೈರಮ್ಮನ ಮುಖ ಅರಳಿತು. ಅವಳು ಈಟಿ ಹಿಡಿದವಳಂತೆ ಕೈ ಚಾಚಿ ನೆಟ್ಟಗೆ ನಿಂತಳು. ಕೆರೆಬೀದಿಯವರು ಹೋ ಎಂದು ಕೂಗಿದರು. ಆಮೇಲೆ ಅವಳು ಏನೋ ಕೊರತೆ ಕಂಡವಳಂತೆ ತನ್ನ ಮೇಲ್ದುಟಿ ಮುಟ್ಟಿ ನೋಡಿಕೊಂಡು, ನಿಧಾನವಾಗಿ ಸೊಣ್ಣಪ್ಪನ ಹತ್ತಿರ ಬಂದು, ಅವನ ಮೀಸೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಗೇಣು ಹಾಕಿ ಅಳೆದಳು.

ಆದಿಲಕ್ಷ್ಮಿ ಕತ್ತರಿ ತರಲು ಮನೆಯ ಕಡೆ ಹೊರಟಳು.